ಹಳೆಯ ಪ್ರತಿ ಇರಲಿ

ನಾನು ಅಕ್ಷರ ಕಲಿತದ್ದು ಸ್ಲೇಟಿನ ಮೇಲೆ. ನನ್ನ ವಯಸ್ಸಿನ ವಾಚಕರಲ್ಲಿ ಬಹುಮಂದಿ ಹಾಗೆಯೇ ಕಲಿತವರು. ಸ್ಲೇಟಿನ ಗುಣ ಎಲ್ಲರಿಗೂ ಗೊತ್ತು. ಅದು ಅಗ್ಗ, ಎಷ್ಟು ಸಲ ಬೇಕಾದರೂ ಅದರ ಮೇಲೆ ಬರೆಯಬಹುದು. ಅದರ ದೋಷವೂ ಈ ಗುಣದಲ್ಲಿಯೇ ಅಡಗಿದೆ. ಹೊಸದನ್ನು ಬರೆಯಬೇಕಾದರೆ ಹಳೆಯದನ್ನು ಒರಸಲೇಬೇಕು. ಮೇಷ್ಟರು ಇನ್ನೂ ನೋಡದಿದ್ದ ಲೆಕ್ಕವನ್ನು ಹುಡುಗನು ಅವಸರದಲ್ಲಿ ಒರಸಿ, ಹೊಸ ಲೆಕ್ಕವನ್ನು ಅರ್ಧ ಬರೆಯುವಷ್ಟರಲ್ಲಿ ಬಳಪ ಮುಗಿದುಹೋದರೆ, ಅವನ ಕೈಯಲ್ಲಿ ಹಳೆಯದೂ ಇಲ್ಲ, ಹೊಸದೂ ಇಲ್ಲ. ಓಲೆಗರಿಯ ಸ್ವಭಾವವೇ ಬೇರೆ. ಕಬ್ಬಿಣದ ಕಂಟದಿಂದ ಕೊರೆದ ಅಕ್ಷರ ಅಳಿಯದು. ತಿದ್ದಿ ಬರೆಯಬೇಕೆಂದರೆ ಬೇರೆ ಗರಿಯನ್ನೇ ತೆಗೆದುಕೊಳ್ಳಬೇಕು. ಹಳೆಯ ಗರಿ ಕಟ್ಟಿನಲ್ಲಿಯೋ ಅಟ್ಟದ ಮೇಲೆಯೋ ಉಳಿದೇ ಇರುತ್ತದೆ.

ಸ್ಲೇಟು, ಓಲೆಗರಿಗಳ ಈ ಭೇದವನ್ನು ಈ ಹೊತ್ತು ವಾಚಕರ ಮುಂದೆ ತಂದುದಕ್ಕೆ ಕಾರಣವುಂಟು. ತಮ್ಮ ಮನೆಯಲ್ಲಿ ರೇಡಿಯೋ ಇರುವಂತೆಯೇ ಈಚಿನ ವರ್ಷಗಳಲ್ಲಿ ಇನ್ನೊಂದು ಪೆಟ್ಟಿಗೆಯೂ ಬಂದು ಸೇರಿರಬಹುದು. ಗೋಡೆಯ ಮೇಲೆ ಕುಳಿತು, ಹಸಿರು ದೀಪಗಳನ್ನು ಮಿಣುಕಿಸುತ್ತ, ಮನೆಮಂದಿಗೆಲ್ಲ ಇಂಟರ್‌ನೆಟ್ಟನ್ನು ಹಂಚುವ ಪೆಟ್ಟಿಗೆ ಅದು. ಅದರ ಬೆನ್ನಿನಲ್ಲಿ ತಂತಿ ಸಿಕ್ಕಿಸುವ ನಾಲ್ಕು ಕಿಂಡಿಗಳು ಸಾಲಾಗಿದ್ದರೆ ಆ ಭಾಗಕ್ಕೆ ಸ್ವಿಚ್ಚು ಎಂದು ಹೆಸರು. ದೀಪ ಹಾಕುವ, ಆರಿಸುವ ಸ್ವಿಚ್ಚಲ್ಲ, ಒಂದು ತಂತಿಯಿಂದ ಬಂದ ಸಂದೇಶವನ್ನು ತಕ್ಕ ಇನ್ನೊಂದು ತಂತಿಗೆ ತಿರುಗಿಸುವ ಸ್ವಿಚ್ಚು. ಕಛೇರಿ, ಬ್ಯಾಂಕು, ಆಸ್ಪತ್ರೆಗಳಲ್ಲಿ ಇದರ ದೊಡ್ಡಣ್ಣಂದಿರು 24, 48 ಕಿಂಡಿಗಳನ್ನು ಹೊತ್ತು ಬೀರುವಿನೊಳಗೆ ಕುಳಿತಿರುತ್ತಾರೆ. ಸಂದೇಶವನ್ನು ಹೇಗೆ ತಿರುಗಿಸಬೇಕೆಂಬ ವಿಧಿಯನ್ನು ತಯಾರಕರು ಅದರೊಳಗಿನ ನೆನಪಿನ ಚೂರಿನಲ್ಲಿ ಬರೆದಿಟ್ಟಿರುತ್ತಾರೆ. ಆ ಬರಹಕ್ಕೆ ಫರ್ಮ್‌ವೇರ್ ಎನ್ನುತ್ತಾರೆ. ಆಗಾಗ ಅದನ್ನು ತಿದ್ದಿ ಹೊಸ ಆವೃತ್ತಿಯನ್ನು ಹೊರಡಿಸುವುದೂ ಉಂಟು. ಹಳೆಯದರ ಸ್ಥಾನದಲ್ಲಿ ಹೊಸದನ್ನು ಬರೆಯುವ ಕೆಲಸ ಇಂದು ಒಂದು ಗುಂಡಿಯನ್ನು ಒತ್ತಿದಷ್ಟು ಸುಲಭ. ಆ ಕೆಲಸ ಅಷ್ಟು ಸುಲಭವಾಗುತ್ತ ಬಂದ ಹಾಗೆಲ್ಲ ನಾವು ಒಂದು ಬೆಲೆಯುಳ್ಳ ವಸ್ತುವನ್ನು ನಮಗೇ ತಿಳಿಯದಂತೆ ಕಳೆದುಕೊಂಡೆವು. ಅದು ಏನು, ಹೇಗೆ ಕಳೆದುಹೋಯಿತು, ಮತ್ತೆ ಹೇಗೆ ಗಳಿಸಿಕೊಳ್ಳಬೇಕು ಎಂಬುದೇ ಈ ಲೇಖನದ ವಿಷಯ.

ನನ್ನಂಥ ಕನ್ನಡ ಪಂಡಿತನಿಗೆ ಈ ಗೊಡವೆ ಏಕೆ ಎಂದು ತಾವು ಕೇಳಬಹುದು. ಪೆಟ್ಟು ತಿಂದವನಿಗೆ ಪಾಠ ಬೇಗ ತಲೆಗೆ ಹತ್ತುತ್ತದೆ. ಕೆಲವು ವರ್ಷಗಳ ಕೆಳಗೆ ನಾನು ಪಾಠ ಹೇಳುತ್ತಿದ್ದ ಪ್ರೌಢಶಾಲೆಯಲ್ಲಿ ಹತ್ತನೆಯ ತರಗತಿಯ 112 ಮಕ್ಕಳ ವಿವರಗಳನ್ನು ಪರೀಕ್ಷೆಗಾಗಿ ಕಂಪ್ಯೂಟರಿನ ಮೂಲಕ ಕಳುಹಿಸಬೇಕಾಗಿತ್ತು. ಮಾರನೆಯ ದಿನವೇ ಕೊನೆಯ ದಿನ. ಉತ್ಸಾಹಿಯಾದ ನಮ್ಮ ತರುಣ ಸಹೋದ್ಯೋಗಿಯೊಬ್ಬರು, ಸಂಪರ್ಕ ನಿಧಾನವಾಗಿದೆಯೆಂದು, ಗೋಡೆಯ ಪೆಟ್ಟಿಗೆಗೆ ಹೊಸ ಫರ್ಮ್‌ವೇರ್ ಹಾಕಹೊರಟರು. ಒಳ್ಳೆಯ ಉದ್ದೇಶವೇ. ಹಳೆಯದು ಅಳಿಸಿ ಹೊಸದು ಅರ್ಧ ಏರುವಷ್ಟರಲ್ಲಿ ಕರೆಂಟು ಹೋಯಿತು. ಮರಳಿ ಬಂದಾಗ ಪೆಟ್ಟಿಗೆಯಲ್ಲಿ ಒಂದು ಕೆಂಪು ದೀಪ ಹತ್ತಿಕೊಂಡು ಹಾಗೆಯೇ ನಿಂತಿತು. ಪೇಟೆಯಿಂದ ಬೇರೊಂದು ಪೆಟ್ಟಿಗೆಯನ್ನು ತಂದೆವು. ಆದರೆ ಹೊರಗಿನ ಸಂಪರ್ಕದ ಹೆಸರು, ಗುಪ್ತಪದ, ಯಾವ ಕಿಂಡಿಯಿಂದ ಯಾವ ಕೋಣೆಗೆ ತಂತಿ ಎಂಬ ಎಲ್ಲ ವ್ಯವಸ್ಥೆಯೂ ಹಳೆಯ ಪೆಟ್ಟಿಗೆಯ ಹೊಟ್ಟೆಯಲ್ಲಿಯೇ ಇತ್ತು. ಅದನ್ನು ಸಜ್ಜುಗೊಳಿಸಿದವರು ಊರು ಬಿಟ್ಟು ಬಹಳ ಕಾಲವಾಗಿತ್ತು. ಬರೆದಿಟ್ಟುಕೊಂಡವರು ಒಬ್ಬರೂ ಇಲ್ಲ!

ಮರುದಿನ ನಾವು ಮೂವರು, ದಾಖಲಾತಿಯ ದಪ್ಪ ರಿಜಿಸ್ಟರನ್ನು ಚೀಲಕ್ಕೆ ಹಾಕಿಕೊಂಡು, ಬಸ್ಸು ಹತ್ತಿ ಹತ್ತಿರದ ಊರಿನ ಶಾಲೆಗೆ ಹೋದೆವು. ಅಲ್ಲಿಯ ಮುಖ್ಯೋಪಾಧ್ಯಾಯರು ಕೈಮುಗಿದು ಒಳಗೆ ಕರೆದು ಕೋಣೆ ಬಿಟ್ಟುಕೊಟ್ಟರು. ಒಬ್ಬರು ಓದುವುದು, ಒಬ್ಬರು ಒತ್ತುವುದು, ಒಬ್ಬರು ತಾಳೆ ನೋಡುವುದು. ಕೊನೆಯ ಹುಡುಗಿಯ ಹೆಸರು ಸೇರಿದಾಗ ರಾತ್ರಿ 9 ಗಂಟೆ. ಆ ದಿನ ನಮ್ಮ ಮಕ್ಕಳ ಒಂದು ವರ್ಷವನ್ನು ಉಳಿಸಿದ್ದು ಯಾವುದು? ಶಾಯಿಯಲ್ಲಿ ಬರೆದು ಕಪಾಟಿನಲ್ಲಿಟ್ಟಿದ್ದ ಒಂದು ಹಳೆಯ ಪ್ರತಿ. ಹಿಂದಿರುಗುವಾಗ ಬಸ್ಸಿನಲ್ಲಿ ಆ ತರುಣರು ತಲೆ ತಗ್ಗಿಸಿ ಕುಳಿತಿದ್ದರು. "ತಪ್ಪು ಹೊಸದನ್ನು ಹಾಕಿದ್ದರಲ್ಲಿ ಇಲ್ಲಪ್ಪ, ಹಳೆಯದನ್ನು ತೆಗೆದಿಡದೆ ಹಾಕಿದ್ದರಲ್ಲಿ" ಎಂದೆ. ಆ ಮಾತು ಅವರಿಗಿಂತ ಹೆಚ್ಚಾಗಿ ನನಗೇ ನಾಟಿತು. ಅಂದಿನಿಂದ ಈ ಸ್ವಿಚ್ಚುಗಳ ಕಥೆಯನ್ನು ಕೇಳಿ, ಓದಿ ತಿಳಿಯುತ್ತ ಬಂದೆ.

ಸ್ವಿಚ್ಚಿನ ವಂಶಾವಳಿ ಕಂಪ್ಯೂಟರಿಗಿಂತ ಹಳೆಯದು. ಅದು ಹುಟ್ಟಿದ್ದು ಟೆಲಿಫೋನಿಗಾಗಿ. ಮೊದಮೊದಲು ಎಕ್ಸ್‌ಚೇಂಜಿನಲ್ಲಿ ಕುಳಿತ ಮನುಷ್ಯರೇ ಒಬ್ಬರ ತಂತಿಯನ್ನು ಇನ್ನೊಬ್ಬರ ತಂತಿಗೆ ಕೂಡಿಸುತ್ತಿದ್ದರು. ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ಶವಸಂಸ್ಕಾರದ ಏರ್ಪಾಟು ಮಾಡಿಕೊಡುವ ವೃತ್ತಿಯ ಆಲ್ಮನ್ ಸ್ಟ್ರೌಜರ್ ಎಂಬಾತನಿದ್ದ. ತನಗೆ ಬರಬೇಕಾದ ಕರೆಗಳನ್ನು ಎಕ್ಸ್‌ಚೇಂಜಿನವರು ತನ್ನ ಪ್ರತಿಸ್ಪರ್ಧಿಗೆ ಕೊಡುತ್ತಿದ್ದಾರೆಂದು ಸಿಟ್ಟಾಗಿ, ಮನುಷ್ಯರ ನೆರವಿಲ್ಲದೆ ಕರೆ ಕೂಡಿಸುವ ಯಂತ್ರವನ್ನು ಆತ ಕಂಡುಹಿಡಿದನೆಂದು ಪ್ರತೀತಿ. 1891ರಲ್ಲಿ ಅದಕ್ಕೆ ಪೇಟೆಂಟು ದೊರೆಯಿತು. 1892ರ ನವೆಂಬರಿನಲ್ಲಿ ಇಂಡಿಯಾನಾ ಸಂಸ್ಥಾನದ ಲಾ ಪೋರ್ಟ್ ಎಂಬ ಊರಿನಲ್ಲಿ ಅಂಥ ಮೊದಲ ಎಕ್ಸ್‌ಚೇಂಜು ತೆರೆಯಿತು. ನಮ್ಮ ಬೆಂಗಳೂರಿನಲ್ಲಿ 1948ರಲ್ಲಿ ಸ್ಥಾಪನೆಯಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆಯೂ ಈ ಸ್ಟ್ರೌಜರ್ ಬಗೆಯ ಎಕ್ಸ್‌ಚೇಂಜುಗಳನ್ನು ತಯಾರಿಸಿತು. ಹಳೆಯ ಟೆಲಿಫೋನ್ ಕಛೇರಿಗಳ ಪಕ್ಕದಲ್ಲಿ ಹೋದವರು ಒಳಗಿನ ಟಕಟಕ ಸದ್ದನ್ನು ಕೇಳಿರಬಹುದು. ಅಂಕಿ ತಿರುಗಿಸಿದಂತೆಲ್ಲ ಒಂದು ಕೈ ಮೇಲೇರಿ, ಪಕ್ಕಕ್ಕೆ ಸರಿದು, ತಕ್ಕ ತಂತಿಯನ್ನು ಮುಟ್ಟುವ ಸದ್ದು ಅದು.

ಈ ಯಂತ್ರದ ಬುದ್ಧಿಯೆಲ್ಲ ಅದರ ತಂತಿ ಮತ್ತು ಲೋಹದಲ್ಲಿಯೇ ಇತ್ತು. ಅದರ ನಡತೆಯನ್ನು ಬದಲಾಯಿಸಬೇಕಾದರೆ ಬೆಸುಗೆಯ ಕಡ್ಡಿ ಹಿಡಿದು ತಂತಿಯನ್ನು ಬಿಚ್ಚಿ ಕಟ್ಟಬೇಕು. ಕಷ್ಟದ ಕೆಲಸವೇ ಸರಿ. ಆದರೆ ಕಟ್ಟಿದವನಿಗೆ ಬಿಚ್ಚುವುದೂ ಗೊತ್ತಿರುತ್ತಿತ್ತು. ಹಿಂದಿರುಗುವ ದಾರಿ ಕಣ್ಣೆದುರಿಗೇ ಇತ್ತು.

ಬುದ್ಧಿಯನ್ನು ಲೋಹದಿಂದ ಬಿಡಿಸಿ ಬರಹವನ್ನಾಗಿ ಮಾಡಿದ ದೊಡ್ಡ ಹೆಜ್ಜೆ 1965ರ ಮೇ ತಿಂಗಳಿನದು. ಆ ತಿಂಗಳು ನ್ಯೂ ಜರ್ಸಿಯ ಸಕಸುನ್ನ ಎಂಬಲ್ಲಿ ಬೆಲ್ ಸಂಸ್ಥೆಯ ಮೊದಲನೆಯ ದೊಡ್ಡ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜು ಕೆಲಸಕ್ಕೆ ತೊಡಗಿತು. ಕರೆಗಳನ್ನು ಕೂಡಿಸುವ ವಿಧಿಯನ್ನು ಅಲ್ಲಿ ಅಲ್ಯೂಮಿನಿಯಮ್ ಹಲಗೆಗಳ ಮೇಲೆ, ಒಂದೊಂದರಲ್ಲಿಯೂ ಎರಡು ಸಾವಿರಕ್ಕೂ ಮಿಕ್ಕ ಪುಟ್ಟ ಅಯಸ್ಕಾಂತಗಳ ರೂಪದಲ್ಲಿ, ಬರೆದಿಟ್ಟಿದ್ದರು. ಕರೆಂಟು ಹೋದರೂ ಆ ಬರಹ ಅಳಿಯದು. ತಿದ್ದಬೇಕಾದರೆ ಹಲಗೆಗಳನ್ನು ಹೊರಗೆ ತೆಗೆದು, ಬೇರೆ ಯಂತ್ರದಲ್ಲಿಟ್ಟು ಹೊಸದಾಗಿ ಬರೆಯಬೇಕು. ಅಷ್ಟೇ ಅಲ್ಲ, ಅಲ್ಲಿನ ಮುಖ್ಯ ಅಂಗಗಳೆಲ್ಲ ಜೋಡಿ ಜೋಡಿ. ಒಂದು ಕೆಟ್ಟರೆ ಇನ್ನೊಂದು ಕೆಲಸ ನಡೆಸಬೇಕು. 40 ವರ್ಷಗಳಲ್ಲಿ ಒಟ್ಟು ಎರಡು ಗಂಟೆಗಿಂತ ಹೆಚ್ಚು ಕಾಲ ಈ ಎಕ್ಸ್‌ಚೇಂಜು ನಿಲ್ಲಬಾರದೆಂಬುದು ಅದನ್ನು ಕಟ್ಟಿದವರು ಇಟ್ಟುಕೊಂಡ ಗುರಿ. ಊರಿನವರ ಮಾತೆಲ್ಲ ಹಾದುಹೋಗುವ ಯಂತ್ರ ಒಂದೇ ಪ್ರತಿಯನ್ನು ನಂಬಿ ನಿಲ್ಲಬಾರದೆಂದು ಅವರು ಆಗಲೇ ಕಂಡುಕೊಂಡಿದ್ದರು.

ಎರಡು ವರ್ಷಗಳ ತರುವಾಯ, 1967ರಲ್ಲಿ, ಆಷರ್ ಆಪ್ಲರ್ ಎಂಬ ಅಮೆರಿಕದ ತಜ್ಞರು ಫರ್ಮ್‌ವೇರ್ ಎಂಬ ಮಾತನ್ನು ಟಂಕಿಸಿದರು. ಯಂತ್ರದ ಲೋಹಭಾಗ ಹಾರ್ಡ್‌ವೇರ್, ಎಂದರೆ ಗಟ್ಟಿ. ಬೇಕಾದಂತೆ ಬದಲಿಸುವ ವಿಧಿಗಳು ಸಾಫ್ಟ್‌ವೇರ್, ಎಂದರೆ ಮೆದು. ಇವೆರಡರ ನಡುವೆ ಗಟ್ಟಿಯೂ ಅಲ್ಲದೆ ಮೆದುವೂ ಅಲ್ಲದೆ ನಿಂತದ್ದು ಫರ್ಮ್‌ವೇರ್. ಅವರು ಹೇಳಿದ್ದು ಕಂಪ್ಯೂಟರಿನ ಒಳಮನೆಯ ಒಂದು ವಿಶೇಷ ಬಗೆಯ ಬರಹವನ್ನು. ಬರಬರುತ್ತ ಮಾತಿನ ಅರ್ಥ ಹಿಗ್ಗಿ, ಯಂತ್ರದೊಳಗೆ ನೆಲೆಸಿ ಅದನ್ನು ನಡೆಸುವ ಬರಹಕ್ಕೆಲ್ಲ ಅದೇ ಹೆಸರಾಯಿತು. ಶಬ್ದಗಳಿಗೆ ಹೀಗೆ ಅರ್ಥವಿಸ್ತಾರವಾಗುವುದು ನಮ್ಮ ಭಾಷೆಯಲ್ಲಿಯೂ ಉಂಟಷ್ಟೆ. ಎಣ್ಣೆ ಎಂಬುದು ಮೊದಲು ಎಳ್ಳಿನದು ಮಾತ್ರವಾಗಿದ್ದು, ಈಗ ಸೀಮೆಎಣ್ಣೆಯವರೆಗೂ ಬಂದಿಲ್ಲವೆ?

1971ರಲ್ಲಿ ಇಂಟೆಲ್ ಸಂಸ್ಥೆಯಲ್ಲಿದ್ದ ಡೊವ್ ಫ್ರೋಮನ್ ಎಂಬ ಇಂಜಿನಿಯರರು ಇನ್ನೊಂದು ಹೆಜ್ಜೆ ಇಟ್ಟರು. ಅವರು ತೋರಿಸಿಕೊಟ್ಟ ನೆನಪಿನ ಚೂರಿನಲ್ಲಿ ಬರೆದದ್ದು ಕರೆಂಟಿಲ್ಲದೆಯೂ ನಿಲ್ಲುತ್ತಿತ್ತು. ಬೇಡವಾದಾಗ, ಚೂರಿನ ನೆತ್ತಿಯ ಮೇಲಿನ ಗಾಜಿನಂಥ ಪುಟ್ಟ ಕಿಟಕಿಗೆ ನೇರಳಾತೀತ ಕಿರಣಗಳನ್ನು ಹಲವು ನಿಮಿಷಗಳ ಕಾಲ ಬಿಟ್ಟರೆ ಬರಹವೆಲ್ಲ ಅಳಿದು ಚೂರು ಬರಿದಾಗುತ್ತಿತ್ತು. ಬೆಳಕು ಬೀಳದಿರಲೆಂದು ಕಿಟಕಿಯ ಮೇಲೆ ಒಂದು ಚೀಟಿ ಅಂಟಿಸಿ, ಆವೃತ್ತಿಯ ಸಂಖ್ಯೆಯನ್ನು ಅದರ ಮೇಲೆಯೇ ಬರೆಯುವುದು ವಾಡಿಕೆಯಾಯಿತು. ಯಂತ್ರಕ್ಕೆ ಹೊಸ ಬರಹ ಬಂದರೆ ಹೊಸ ಚೂರು ಅಂಚೆಯಲ್ಲಿ ಬರುವುದು. ಹಳೆಯದನ್ನು ಕಿತ್ತು ಹೊಸದನ್ನು ಗೂಡಿಗೆ ಒತ್ತಿ ಕೂರಿಸುವುದು. ಕಿತ್ತ ಚೂರು ಎಲ್ಲಿಗೆ ಹೋಗುತ್ತಿತ್ತು? ಮೇಜಿನ ಖಾನೆಗೆ. ಹೊಸದು ಕೈಕೊಟ್ಟರೆ ಹಳೆಯದನ್ನು ತೆಗೆದು ಮತ್ತೆ ಕೂರಿಸಿದರಾಯಿತು. ಇದು ಓಲೆಗರಿಯ ಕಾಲ. ಯಾರೂ ಬೇಕೆಂದು ಪ್ರಯತ್ನಪಡದಿದ್ದರೂ ಹಳೆಯ ಪ್ರತಿ ತಾನಾಗಿಯೇ ಉಳಿಯುತ್ತಿದ್ದ ಕಾಲ.

ಆ ಕಾಲದಲ್ಲಿಯೇ ನಮ್ಮ ನಾಡಿಗೆ ಹೆಮ್ಮೆ ತರುವ ಸಂಗತಿಯೊಂದು ನಡೆಯಿತು. ಭಾರತ ಸರ್ಕಾರವು 1984ರಲ್ಲಿ ಸಿ-ಡಾಟ್ ಎಂಬ ಸಂಶೋಧನ ಸಂಸ್ಥೆಯನ್ನು ಸ್ಥಾಪಿಸಿತು. ನಮ್ಮ ಬಿಸಿಲು ಧೂಳುಗಳನ್ನು ತಾಳಿಕೊಂಡು, ತಂಪುಯಂತ್ರವಿಲ್ಲದ ಕೋಣೆಯಲ್ಲಿಯೂ ನಡೆಯಬಲ್ಲ ಗ್ರಾಮೀಣ ಎಕ್ಸ್‌ಚೇಂಜನ್ನು ಅಲ್ಲಿನ ತರುಣ ಇಂಜಿನಿಯರುಗಳು ರಚಿಸಿದರು. 128 ತಂತಿಗಳ ಆ ಪುಟ್ಟ ಯಂತ್ರ 1986ರಲ್ಲಿ ಮೊದಲು ಕೆಲಸಕ್ಕೆ ಬಂದದ್ದು ಬೇರೆಲ್ಲಿಯೂ ಅಲ್ಲ, ಚೆನ್ನಮ್ಮರಾಣಿಯ ಕಿತ್ತೂರಿನಲ್ಲಿ. ಬರಹದಿಂದ ನಡೆಯುವ ಸ್ವಿಚ್ಚು ಹೀಗೆ ಹಳ್ಳಿಯ ಬಾಗಿಲಿಗೆ ಬಂತು.

ಆದರೆ ಅಷ್ಟರಲ್ಲಿಯೇ ಸ್ಲೇಟಿನ ಕಾಲ ಹೊಸಿಲಲ್ಲಿ ನಿಂತಿತ್ತು. ಜಪಾನಿನ ತೋಷಿಬಾ ಸಂಸ್ಥೆಯ ಫುಜಿಯೋ ಮಸುವೋಕಾ ಅವರು 1984ರಲ್ಲಿ ಹೊಸ ಬಗೆಯ ನೆನಪಿನ ಚೂರನ್ನು ವಿದ್ವಾಂಸರ ಮುಂದಿಟ್ಟರು. ಅದನ್ನು ಅಳಿಸಲು ಕಿತ್ತು ತೆಗೆಯಬೇಕಾಗಿಲ್ಲ, ಕಿರಣಗಳೂ ಬೇಡ. ಇದ್ದಲ್ಲಿಯೇ, ವಿದ್ಯುತ್ತಿನಿಂದಲೇ, ಒಂದು ಇಡೀ ಭಾಗವನ್ನು ಒಮ್ಮೆಗೇ ಒರಸಿ ಮತ್ತೆ ಬರೆಯಬಹುದು. ಕ್ಯಾಮರಾದ ಬೆಳಕು ಫಕ್ಕನೆ ಮಿಂಚಿದಂತೆ ಎಲ್ಲವೂ ಅಳಿಯುವುದರಿಂದ ಅವರ ಸಹೋದ್ಯೋಗಿಯೊಬ್ಬರು ಅದಕ್ಕೆ ಫ್ಲಾಷ್ ಎಂದು ಹೆಸರಿಟ್ಟರಂತೆ. ಇಂದು ನಮ್ಮ ಜೇಬಿನ ಫೋನಿನಲ್ಲಿ, ಗೋಡೆಯ ಪೆಟ್ಟಿಗೆಯಲ್ಲಿ ಇರುವುದು ಅದರ ಸಂತತಿಯೇ. ಉಪಕಾರ ಅಪಾರವಾದದ್ದು. ಆದರೆ ಹಿಂದೆ ಖಾನೆಗೆ ಸೇರುತ್ತಿದ್ದ ಹಳೆಯ ಚೂರು ಈಗ ಇಲ್ಲ. ಹೊಸದನ್ನು ಬರೆಯುವ ಹೊತ್ತಿಗೆ ಹಳೆಯದು ಇರುವಲ್ಲಿಯೇ ಅಳಿದಿರುತ್ತದೆ. ನಾವು ತಿಳಿಯದೆ ಕಳೆದುಕೊಂಡೆವೆಂದೆನಲ್ಲ, ಆ ವಸ್ತು ಇದೇ: ತಾನಾಗಿ ಉಳಿಯುತ್ತಿದ್ದ ಹಳೆಯ ಪ್ರತಿ. ಅಂದು ಅದು ಯಂತ್ರದ ಸ್ವಭಾವವಾಗಿತ್ತು, ಇಂದು ಅದು ಮನುಷ್ಯನ ಕರ್ತವ್ಯವಾಯಿತು.

ಆ ಕರ್ತವ್ಯದ ಬೆಲೆಯನ್ನು ಲೋಕ ಕಂಡದ್ದು 1990ರ ಜನವರಿ 15ರಂದು. ಅಮೆರಿಕದ ದೂರದೂರದ ಕರೆಗಳಲ್ಲಿ ಬಹುಪಾಲನ್ನು ಆಗ ಎ.ಟಿ. ಅಂಡ್ ಟಿ. ಸಂಸ್ಥೆ ನಡೆಸುತ್ತಿತ್ತು. ಅದರ 114 ದೊಡ್ಡ ಸ್ವಿಚ್ಚುಗಳಿಗೆ ಹಿಂದಿನ ಡಿಸೆಂಬರಿನಲ್ಲಿ ಹೊಸ ಬರಹವನ್ನು ಹಾಕಿದ್ದರು. ಕೆಲಸ ಇನ್ನೂ ಚುರುಕಾಗಲಿ ಎಂಬುದೇ ಉದ್ದೇಶ. ಒಂದು ತಿಂಗಳು ಎಲ್ಲವೂ ಸರಿಯಾಗಿ ನಡೆಯಿತು. ಆ ದಿನ ಮಧ್ಯಾಹ್ನ ಸುಮಾರು 2-25ಕ್ಕೆ ನ್ಯೂ ಜರ್ಸಿಯ ಬೆಡ್‌ಮಿನ್‌ಸ್ಟರಿನ ನಿಯಂತ್ರಣ ಕೇಂದ್ರದ ಪರದೆಗಳ ಮೇಲೆ ಕೆಂಪು ಗುರುತುಗಳು ಒಂದರ ಹಿಂದೆ ಒಂದು ಕಾಣಿಸಿಕೊಂಡವು.

ನಡೆದದ್ದು ಇಷ್ಟು. ನ್ಯೂ ಯಾರ್ಕಿನ ಒಂದು ಸ್ವಿಚ್ಚು ತನ್ನಲ್ಲಿ ಸಣ್ಣ ತೊಡಕನ್ನು ಕಂಡು, ನಿಯಮದಂತೆ ಕೆಲವು ಸೆಕೆಂಡು ವಿರಾಮ ತೆಗೆದುಕೊಂಡು, ಸರಿಪಡಿಸಿಕೊಂಡು, ಮತ್ತೆ ಕರೆಗಳನ್ನು ಕಳುಹಿಸತೊಡಗಿತು. ನೆರೆಯ ಸ್ವಿಚ್ಚುಗಳು 'ಇವನು ಕೆಲಸಕ್ಕೆ ಮರಳಿದ' ಎಂದು ತಮ್ಮ ಲೆಕ್ಕದಲ್ಲಿ ಗುರುತು ಹಾಕಿಕೊಳ್ಳಬೇಕು. ಆ ಗುರುತು ಹಾಕಿಕೊಳ್ಳುತ್ತಿರುವಾಗಲೇ, ಸೆಕೆಂಡಿನ ನೂರರ ಒಂದು ಪಾಲಿನೊಳಗೆ, ಅದೇ ಕಡೆಯಿಂದ ಎರಡನೆಯ ಸಂದೇಶವೂ ಬಂದರೆ ಹೊಸ ಬರಹ ಎಡವುತ್ತಿತ್ತು. ಎಡವಿದ ಸ್ವಿಚ್ಚೂ ವಿರಾಮ ತೆಗೆದುಕೊಳ್ಳುವುದು, ಮರಳಿ ಬರುವುದು, ತನ್ನ ನೆರೆಯವರನ್ನು ಎಡವಿಸುವುದು. ಹೀಗೆ ಒಬ್ಬನ ಆಕಳಿಕೆ ಸಭೆಗೆಲ್ಲ ಹಬ್ಬಿದಂತೆ ಈ ರೋಗ 114 ಸ್ವಿಚ್ಚುಗಳಿಗೂ ಹಬ್ಬಿತು. ಎಲ್ಲ ಸ್ವಿಚ್ಚುಗಳಲ್ಲಿಯೂ ಒಂದೇ ಹೊಸ ಬರಹವಿದ್ದುದರಿಂದ, ಎಡವದೆ ನಿಲ್ಲುವ ನೆರೆಯವನೇ ಇರಲಿಲ್ಲ. ಸುಮಾರು ಒಂಬತ್ತು ಗಂಟೆಗಳ ಕಾಲ ಅರ್ಧದಷ್ಟು ಕರೆಗಳು ಕೂಡಲಿಲ್ಲ. ಸಂಸ್ಥೆಗೆ 6 ಕೋಟಿ ಡಾಲರುಗಳಿಗೂ ಮಿಕ್ಕಿ ವರಮಾನ ತಪ್ಪಿತು.

ತಪ್ಪು ಎಲ್ಲಿತ್ತು? ಸಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದ ಆ ವಿಧಿಯಲ್ಲಿ ಬ್ರೇಕ್ ಎಂಬ ಒಂದು ಪದ ಇರಬಾರದ ಸ್ಥಳದಲ್ಲಿ ಬಿದ್ದಿತ್ತು. ವಿರಾಮಚಿಹ್ನೆ ತಪ್ಪಿದರೆ ವಾಕ್ಯದ ಅರ್ಥ ಕೆಡುವುದೆಂದು ನಾವು ಮಕ್ಕಳಿಗೆ ದಿನವೂ ಹೇಳುತ್ತೇವೆ. ಅಲ್ಲಿ ಒಂದು ದೇಶದ ಮಾತೇ ಕೆಟ್ಟಿತು. ಆ ರಾತ್ರಿ ಸುಮಾರು 11-30ಕ್ಕೆ ಇಂಜಿನಿಯರುಗಳು ಸಂದೇಶಗಳ ಒತ್ತಡವನ್ನು ತಗ್ಗಿಸಿ ಜಾಲವನ್ನು ಸ್ಥಿಮಿತಕ್ಕೆ ತಂದರು. ಆ ಮೇಲೆ ಮಾಡಿದ ಮೊದಲ ಕೆಲಸವನ್ನು ವಾಚಕರು ಗಮನಿಸಬೇಕು. ತಪ್ಪನ್ನು ತಿದ್ದಿ ಇನ್ನೂ ಹೊಸ ಬರಹವನ್ನು ಹಾಕಲು ಅವರು ಧಾವಿಸಲಿಲ್ಲ. ಹೊಸದನ್ನು ತೆಗೆದು, ಹಳೆಯ ಬರಹವನ್ನೇ ಸ್ವಿಚ್ಚುಗಳಿಗೆ ಮರಳಿ ಹಾಕಿದರು. ತಪ್ಪನ್ನು ಹುಡುಕಲು ಸಾವಕಾಶ ದೊರೆತದ್ದು ಹಳೆಯ ಪ್ರತಿ ಕೈಯಲ್ಲಿದ್ದುದರಿಂದ.

ಅದೇ 1990ರಲ್ಲಿ ಸ್ವಿಚ್ಚು ಟೆಲಿಫೋನಿನ ಮನೆಯಿಂದ ಕಂಪ್ಯೂಟರಿನ ಮನೆಗೂ ಬಂತು. ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಈಥರ್‌ನೆಟ್ ಪದ್ಧತಿಯನ್ನು ರಾಬರ್ಟ್ ಮೆಟ್ಕಾಫ್ ಅವರು 1973ರಲ್ಲಿ ರೂಪಿಸಿದ್ದರು. ಅದರಲ್ಲಿ ಒಬ್ಬರು ಆಡಿದ ಮಾತು ಎಲ್ಲರ ಕಿವಿಗೂ ಬೀಳುತ್ತಿತ್ತು, ಊರಿನಲ್ಲಿ ಡಂಗುರ ಹೊಡೆಸಿದಂತೆ. ಊರು ಬೆಳೆದಂತೆ ಡಂಗುರದ ಗದ್ದಲವೇ ಹೆಚ್ಚಾಯಿತು. ಯಾವ ಕಂಪ್ಯೂಟರು ಯಾವ ಕಿಂಡಿಯ ಕಡೆ ಇದೆಯೆಂದು ತಾನೇ ಕಲಿತುಕೊಂಡು, ಅಂಚೆಯವನಂತೆ ತಕ್ಕ ಬಾಗಿಲಿಗೆ ಮಾತ್ರ ಮುಟ್ಟಿಸುವ ಏಳು ಕಿಂಡಿಗಳ ಸ್ವಿಚ್ಚನ್ನು ಕ್ಯಾಲಿಫೋರ್ನಿಯಾದ ಒಂದು ಸಣ್ಣ ಕಂಪನಿ ಆ ವರ್ಷ ಮಾರುಕಟ್ಟೆಗೆ ತಂದಿತು. ಕಂಪನಿಯ ಹೆಸರು ಕಲ್ಪನಾ! ಸ್ಥಾಪಕರಲ್ಲಿ ಒಬ್ಬರಾದ, ಭಾರತ ಮೂಲದ ವಿನೋದ್ ಭಾರದ್ವಾಜ್ ಅವರು ತಮ್ಮ ಪತ್ನಿಯ ಹೆಸರನ್ನೇ ಅದಕ್ಕೆ ಇಟ್ಟಿದ್ದರು. 1994ರಲ್ಲಿ ಸಿಸ್ಕೋ ಸಂಸ್ಥೆ ಅದನ್ನು ಕೊಂಡುಕೊಂಡಿತು. ತಮ್ಮ ಗೋಡೆಯ ಪೆಟ್ಟಿಗೆಯ ನಾಲ್ಕು ಕಿಂಡಿಗಳು ಆ ಏಳು ಕಿಂಡಿಗಳ ವಂಶದವು.

ಇಷ್ಟು ಕೇಳಿದ ಮೇಲೆ, ಹೊಸದರ ಸಹವಾಸವೇ ಬೇಡ, ಇದ್ದದ್ದು ಇದ್ದಂತೆ ಇರಲಿ ಎಂದು ಕೆಲವರಿಗೆ ಅನ್ನಿಸಬಹುದು. ಅದೂ ತಪ್ಪು. 2018ರ ಏಪ್ರಿಲಿನಲ್ಲಿ ಹಲವು ದೇಶಗಳ ಸಿಸ್ಕೋ ಸ್ವಿಚ್ಚುಗಳ ಮೇಲೆ ಕಿಡಿಗೇಡಿಗಳು ದಾಳಿ ಮಾಡಿದರು. ಹೊಸ ಸ್ವಿಚ್ಚುಗಳನ್ನು ದೂರದಿಂದಲೇ ಸಜ್ಜುಗೊಳಿಸಲೆಂದು ಇದ್ದ ಒಂದು ಸೌಲಭ್ಯವನ್ನು ಅವರು ಕಳ್ಳಬಾಗಿಲು ಮಾಡಿಕೊಂಡರು. ಒಳಹೊಕ್ಕು, ಸ್ವಿಚ್ಚಿನಲ್ಲಿ ಬರೆದಿದ್ದ ವ್ಯವಸ್ಥೆಯನ್ನೆಲ್ಲ ಅಳಿಸಿ, ಆ ಜಾಗದಲ್ಲಿ ಅಮೆರಿಕದ ಧ್ವಜದ ಚಿತ್ರವನ್ನೂ ಒಂದು ಬೆದರಿಕೆಯ ವಾಕ್ಯವನ್ನೂ ಬಿಟ್ಟುಹೋದರು. ಲೋಕದಲ್ಲೆಲ್ಲ ಸುಮಾರು 2 ಲಕ್ಷ, ಇರಾನಿನಲ್ಲಿ 3500 ಯಂತ್ರಗಳಿಗೆ ಪೆಟ್ಟು ಬಿತ್ತೆಂದು ಇರಾನ್ ಸರ್ಕಾರ ಲೆಕ್ಕ ಹೇಳಿತು. ತಯಾರಕರು ಆ ಸೌಲಭ್ಯದ ಬಗ್ಗೆ ಎಚ್ಚರಿಕೆಯನ್ನೂ ತಿದ್ದುಪಡಿಯನ್ನೂ ಅದಕ್ಕೆ ಮೊದಲೇ ಪ್ರಕಟಿಸಿದ್ದರು. ಕೇಳಿ ನಡೆದವರ ಬಾಗಿಲು ಭದ್ರವಾಗಿತ್ತು. ಕೇಳದಿದ್ದವರಲ್ಲಿಯೂ ವ್ಯವಸ್ಥೆಯ ಪ್ರತಿಯನ್ನು ಬೇರೆ ಕಡೆ ಇಟ್ಟುಕೊಂಡವರಿಗೆ ಅದನ್ನು ಮರಳಿ ತುಂಬಿದರೆ ಸಾಕು. ಪ್ರತಿ ಇಲ್ಲದವರ ಗತಿ ನಮ್ಮ ಶಾಲೆಯ ಗತಿ.

ಆದುದರಿಂದ ಹೊಸದೂ ಬೇಕು, ಹಳೆಯ ಪ್ರತಿಯೂ ಬೇಕು. ಅನುಭವಸ್ಥರು ಪಾಲಿಸುವ ಕ್ರಮವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಸ್ವಿಚ್ಚಿನೊಳಗೆ ಇರುವ ಬರಹ ಎರಡು ಬಗೆ. ಒಂದು ತಯಾರಕರ ಫರ್ಮ್‌ವೇರ್, ಇನ್ನೊಂದು ನಾವೇ ಅದರಲ್ಲಿ ಬರೆದ ವ್ಯವಸ್ಥೆ, ಎಂದರೆ ಸೆಟ್ಟಿಂಗು. ಮೊದಲನೆಯದು ಕಳೆದರೆ ತಯಾರಕರಲ್ಲಿ ಸಿಕ್ಕೀತು. ಎರಡನೆಯದು ಕಳೆದರೆ ಲೋಕದಲ್ಲಿ ಬೇರೆ ಯಾರಲ್ಲಿಯೂ ಇಲ್ಲ. ಆದ್ದರಿಂದ ಮೊಟ್ಟಮೊದಲು ಸೆಟ್ಟಿಂಗಿನ ಪ್ರತಿಯನ್ನು ಹೊರಗೆ ತೆಗೆದು ಬೇರೊಂದು ಕಂಪ್ಯೂಟರಿನಲ್ಲಿ ಇಡಬೇಕು. ಅದೇ ಪೆಟ್ಟಿಗೆಯೊಳಗಿನ ಪ್ರತಿ ಪ್ರತಿಯಲ್ಲ. ಮನೆ ಸುಟ್ಟರೆ ಅಟ್ಟವೂ ಸುಡುತ್ತದೆ. ಗುಪ್ತಪದಗಳೂ ಅದರಲ್ಲಿ ಇರುವುದರಿಂದ ಆ ಪ್ರತಿಯನ್ನು ಬೀಗದೊಳಗಿಡುವುದು ಮೇಲು. ಹೊಸ ಆವೃತ್ತಿಯಲ್ಲಿ ಬರೆದ ಸೆಟ್ಟಿಂಗನ್ನು ಹಳೆಯ ಆವೃತ್ತಿ ಓದಲಾರದೆ ಹೋಗುವುದುಂಟು. ಆ ಕಾರಣದಿಂದ ಪ್ರತಿಯನ್ನು ಹೊಸದನ್ನು ಹಾಕುವ ಮೊದಲೇ ತೆಗೆಯಬೇಕು, ಆಮೇಲೆ ಅಲ್ಲ.

ಎರಡನೆಯದಾಗಿ, ಈಗ ನಡೆಯುತ್ತಿರುವ ಫರ್ಮ್‌ವೇರಿನ ಆವೃತ್ತಿಯ ಸಂಖ್ಯೆಯನ್ನು ಬರೆದುಕೊಂಡು ಅದರ ಪ್ರತಿಯನ್ನೂ ಕೈಯಲ್ಲಿಟ್ಟುಕೊಳ್ಳಬೇಕು. ಮೂರನೆಯದು, ಬಂದ ಹೊಸ ಪ್ರತಿ ತಮ್ಮ ಯಂತ್ರದ ಮಾದರಿಗೇ ಸೇರಿದ್ದೆ, ದಾರಿಯಲ್ಲಿ ಒಂದಕ್ಷರವೂ ಕೆಡದೆ ಬಂದಿದೆಯೆ ಎಂದು ತಾಳೆ ನೋಡುವುದು. ಇದಕ್ಕಾಗಿ ತಯಾರಕರು ಬರಹವನ್ನೆಲ್ಲ ಲೆಕ್ಕಕ್ಕೆ ಹಿಡಿದು ತೆಗೆದ ಒಂದು ಗುರುತಿನ ಅಂಕಿಯನ್ನು ಜೊತೆಯಲ್ಲಿ ಪ್ರಕಟಿಸಿರುತ್ತಾರೆ. ನಮ್ಮ ಲೆಕ್ಕಕ್ಕೂ ಅದೇ ಅಂಕಿ ಬಂದರೆ ಪ್ರತಿ ಶುದ್ಧ. ಹಿಂದಿನ ಲಿಪಿಕಾರರು 32 ಅಕ್ಷರಗಳಿಗೆ ಒಂದು ಗ್ರಂಥವೆಂದು ಎಣಿಸಿ ಕೃತಿಯ ಪ್ರಮಾಣವನ್ನು ಕೊನೆಯಲ್ಲಿ ಬರೆಯುತ್ತಿದ್ದುದು ನೆನಪಾಗುತ್ತದೆ. ನಾಲ್ಕನೆಯದು, ಕರೆಂಟು ಹೋದರೂ ನಿಲ್ಲದಂತೆ ಯು.ಪಿ.ಎಸ್. ಆಸರೆಯಲ್ಲಿ, ಯಾರ ಕೆಲಸಕ್ಕೂ ಅಡ್ಡಿಬಾರದ ಹೊತ್ತಿನಲ್ಲಿ ಈ ಕಾರ್ಯ ಮಾಡುವುದು. ಕೊನೆಯ ದಿನದ ಹಿಂದಿನ ದಿನ ಎಂದಿಗೂ ಕೂಡದು! ಐದನೆಯದು, ಹತ್ತು ಸ್ವಿಚ್ಚುಗಳಿದ್ದರೆ ಹತ್ತಕ್ಕೂ ಒಮ್ಮೆಗೇ ಹಾಕದೆ, ಒಂದಕ್ಕೆ ಹಾಕಿ, ಕೆಲವು ದಿನ ನೋಡಿ, ಮುಂದುವರಿಯುವುದು. 1990ರ ಪಾಠ ಇದು.

ಸಂತೋಷದ ಮಾತೆಂದರೆ, ಯಂತ್ರ ಮಾಡುವವರೂ ಈ ಪಾಠವನ್ನು ಕಲಿತಿದ್ದಾರೆ. ಇಂದಿನ ಅನೇಕ ದೊಡ್ಡ ಸ್ವಿಚ್ಚುಗಳಲ್ಲಿ ಫರ್ಮ್‌ವೇರಿಗೆ ಎರಡು ಮನೆಗಳಿರುತ್ತವೆ. ಹಳೆಯದು ಒಂದರಲ್ಲಿ ಉಳಿದಿರುವಂತೆಯೇ ಹೊಸದನ್ನು ಇನ್ನೊಂದರಲ್ಲಿ ಬರೆದು, ಅದರಿಂದ ನಡೆಸಿ ನೋಡಬಹುದು. ಸರಿಬೀಳದಿದ್ದರೆ ಹಳೆಯ ಮನೆಗೆ ಮರಳಬಹುದು. 1965ರ ಸಕಸುನ್ನದ ಜೋಡಿ ಅಂಗಗಳ ವಿವೇಕ, ಮೇಜಿನ ಖಾನೆಯ ಹಳೆಯ ಚೂರಿನ ಉಪಕಾರ, ಎರಡೂ ಹೀಗೆ ಬೇರೆ ರೂಪದಲ್ಲಿ ಹಿಂದಿರುಗಿವೆ. ಆದರೆ ನಾವು ಬರೆದ ಸೆಟ್ಟಿಂಗನ್ನು ಕಾಯುವವರು ನಾವೇ.

ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿಸಿದಳೆಂಬುದನ್ನು ನಾನು ಪ್ರತಿವರ್ಷವೂ ತರಗತಿಯಲ್ಲಿ ಹೇಳುತ್ತೇನೆ. ಹಿಂದೆ ಅದನ್ನು ದಾನದ ಕಥೆಯೆಂದು ಹೇಳುತ್ತಿದ್ದೆ. ಈಗ ಒಂದು ಮಾತನ್ನು ಸೇರಿಸುತ್ತೇನೆ. ಒಂದೇ ಪ್ರತಿಯಲ್ಲಿ ಬದುಕಿರುವುದು ನಿಜವಾಗಿ ಬದುಕಿಲ್ಲ, ಅದು ಬೆಂಕಿಗೋ ಗೆದ್ದಲಿಗೋ ಕಾಯುತ್ತಿದೆ ಎಂದು ಆ ತಾಯಿ ಅರಿತಿದ್ದಳು. ನಾವು ಸಾವಿರ ಮಾಡಿಸಬೇಕಾಗಿಲ್ಲ, ಎರಡು ಇದ್ದರೆ ಸಾಕು.

ವಾಚಕರು ಈ ಪತ್ರಿಕೆಯನ್ನು ಕೆಳಗಿಟ್ಟ ಮೇಲೆ ಒಂದು ಸಣ್ಣ ಕೆಲಸ ಮಾಡಬೇಕೆಂದು ನನ್ನ ಬಿನ್ನಹ. ಮನೆಯ ಗೋಡೆಯ ಪೆಟ್ಟಿಗೆಯ ಮಾದರಿ, ಸಂಪರ್ಕದ ಹೆಸರು, ಗುಪ್ತಪದ, ಅದನ್ನು ಸಜ್ಜುಗೊಳಿಸಿದ ಬಗೆ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಮನೆಯ ಕಾಗದಪತ್ರಗಳ ಜೊತೆಯಲ್ಲಿ ಕಪಾಟಿನಲ್ಲಿಡಿ. ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿದ್ದರೆ, ಸೆಟ್ಟಿಂಗಿನ ಪ್ರತಿಯನ್ನು ಹೊರತೆಗೆದು ಕೊಡೆಂದು ಕೇಳಿ, ಐದು ನಿಮಿಷದಲ್ಲಿ ಮಾಡಿಕೊಡುತ್ತಾರೆ. ನಮ್ಮ ಶಾಲೆಯಲ್ಲಿ ಈಗ ಆ ಹಾಳೆ ದಾಖಲಾತಿಯ ರಿಜಿಸ್ಟರಿನ ಕೊನೆಯ ಪುಟಕ್ಕೆ ಅಂಟಿಸಿ ಇದೆ. ಅಂಟಿಸಿದವರು ಆ ತರುಣ ಸಹೋದ್ಯೋಗಿಯೇ. ಪೆಟ್ಟಿಗೆಗೆ ಹೊಸ ಬರಹ ಹಾಕಿದಾಗಲೆಲ್ಲ ತಾರೀಖು ಹಾಕಿ ಹೊಸ ಹಾಳೆ ಅಂಟಿಸುತ್ತಾರೆ. ಹಳೆಯ ಹಾಳೆಯನ್ನು ಮಾತ್ರ ಹರಿಯುವುದಿಲ್ಲ.